ಗ್ಯೋಜಾದ ಹೂರಣಕ್ಕೆ ಅರ್ಧ ಚಮಚ

ಇದನ್ನು ಬರೆಯಲು ಮೂರು ಸಲ ಕುಳಿತೆ. ಮೂರು ಸಲವೂ ಕಾವಲಿಯ ವರ್ಣನೆ ಮುಗಿಸಿ ಎದ್ದುಬಿಟ್ಟೆ. ಕಾವಲಿಯ ಬಗ್ಗೆ ಬರೆಯುವುದು ನನಗೆ ಸುಲಭ, ಅದರ ಮೇಲೆ ನಾನು ಇಟ್ಟದ್ದೇನು ಎಂದು ಬರೆಯುವುದು ಕಷ್ಟ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಬರಹಗಾರನಲ್ಲ. ವಯಸ್ಸು ಎಪ್ಪತ್ತು ದಾಟಿದೆ. ಈ ಸಲ ಮುಗಿಸದೆ ಏಳುವುದಿಲ್ಲ ಎಂದು ಹೆಂಡತಿಗೆ ಹೇಳಿ ಕುಳಿತಿದ್ದೇನೆ. "ಅಷ್ಟು ದೊಡ್ಡ ವಿಷಯ ಎಂತದು?" ಎಂದಳು. ಅವಳಿಗೂ ಇದು ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಬುಧಾಬಿಯ ಒಂದು ಹೋಟೆಲಿನ ಜಪಾನಿ ರೆಸ್ಟೋರೆಂಟಿನಲ್ಲಿ ನಾನು ಅಡುಗೆಯವನಾಗಿದ್ದೆ. ಅಡುಗೆಮನೆಯ ಮುಖ್ಯಸ್ಥರು ಒಬ್ಬ ಜಪಾನಿ ಶೆಫ್. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ, ನನಗೂ ಅಷ್ಟಕ್ಕಷ್ಟೇ. ಹಾಗಾಗಿ ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆಯುವ ಭಯವಿರಲಿಲ್ಲ. ಹಸಿ ಮೀನು ಕತ್ತರಿಸುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ನನಗೆ ಕೊಟ್ಟದ್ದು ಗ್ಯೋಜಾ.

ಗ್ಯೋಜಾ ತಿಳಿಯದವರಿಗೆ ಹೇಳಬೇಕು. ಮೈದಾದ ತೆಳು ಬಿಲ್ಲೆ, ಅದರೊಳಗೆ ಹೂರಣ, ಕರ್ಜಿಕಾಯಿಯ ಆಕಾರ. ಆದರೆ ಕರ್ಜಿಕಾಯಿಯಂತೆ ಎಣ್ಣೆಯಲ್ಲಿ ಕರಿಯುವುದಲ್ಲ, ಕಡುಬಿನಂತೆ ಬರೀ ಹಬೆಯಲ್ಲಿ ಬೇಯಿಸುವುದೂ ಅಲ್ಲ. ಎರಡೂ ಒಂದೇ ಕಾವಲಿಯಲ್ಲಿ, ಒಂದರ ಹಿಂದೆ ಒಂದು ಆಗಬೇಕು. ತಳ ಕೆಂಪಗೆ ಗರಿಗರಿ, ಮೇಲ್ಭಾಗ ಮಗುವಿನ ಕಿವಿಯ ಹಾಗೆ ಮೆತ್ತಗೆ, ಕಚ್ಚಿದರೆ ಒಳಗಿನಿಂದ ಬಿಸಿ ರಸ. ಮೊದಲ ಸಲ ತಿನ್ನುವವರೆಲ್ಲ ಬಾಯಿ ಸುಟ್ಟುಕೊಳ್ಳುತ್ತಾರೆ. ಸುಟ್ಟ ಬಾಯಲ್ಲೇ ಉಫ್ ಉಫ್ ಎನ್ನುತ್ತಾ ಎರಡನೆಯದಕ್ಕೆ ಕೈ ಹಾಕುತ್ತಾರೆ. ನಾನು ಆ ಎರಡನೆಯ ಕೈಯನ್ನು ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದೆ. ಅದನ್ನು ನೋಡುವ ಚಟ ನನಗೆ ಹತ್ತಿತ್ತು.

ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಹಿಂಡುವುದು ಕಡಿಮೆಯಾದರೆ ಬಿಲ್ಲೆ ಒಡೆಯುತ್ತದೆ, ಹೆಚ್ಚಾದರೆ ಹೂರಣ ಒಣಗುತ್ತದೆ. ಕೋಳಿಯ ತೊಡೆಮಾಂಸವನ್ನು ಚರ್ಮದ ಸಮೇತ ಕೊಚ್ಚಿ, ಅಂಟು ಬರುವವರೆಗೆ ಒಂದೇ ದಿಕ್ಕಿನಲ್ಲಿ ಕಲಸಿ, ಆಮೇಲೆ ಕೋಸು, ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್, ಎಳ್ಳೆಣ್ಣೆ. ಮಡಿಸುವಾಗ ನೆರಿಗೆ ಒಂದು ಬದಿಗೆ ಮಾತ್ರ. ಆಗ ಅದು ತಾನಾಗಿ ಬಾಗಿ, ಕಾವಲಿಯ ಮೇಲೆ ನೆಟ್ಟಗೆ ಕೂರುತ್ತದೆ. ತಳ ಸ್ವಲ್ಪ ಕೆಂಪಾದ ಮೇಲೆ ಹಿಟ್ಟು ಕದಡಿದ ನೀರು ಹೊಯ್ದು ಮುಚ್ಚಳ. ನೀರು ಇಂಗಿದಾಗ ಆ ಹಿಟ್ಟು ಗ್ಯೋಜಾಗಳನ್ನೆಲ್ಲ ಸೇರಿಸಿ ಒಂದು ಜಾಲರಿಯಾಗುತ್ತದೆ. ಅದಕ್ಕೆ ರೆಕ್ಕೆ ಎನ್ನುತ್ತಾರೆ. ರೆಕ್ಕೆ ಹರಿಯದಂತೆ ತಟ್ಟೆಗೆ ಮಗುಚಿದರೆ ಪಾಸು.

ನಾನು ತಿಂಗಳುಗಟ್ಟಲೆ ಫೇಲಾದೆ. ಒಂದೋ ಹಿಟ್ಟು ಗಟ್ಟಿಯಾಗಿ ರೊಟ್ಟಿಯಾಗುತ್ತಿತ್ತು, ಇಲ್ಲವೇ ಕರಕಲು. ಒಂದು ದಿನ ಶೆಫ್ ಎರಡೂ ಕೈಯಿಂದ ನನ್ನ ತಲೆ ಹಿಡಿದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. "ನೋ ಲುಕ್. ಲಿಸನ್." ಮುಚ್ಚಳದ ಕೆಳಗೆ ಬುಳಬುಳ ಎನ್ನುತ್ತಿದ್ದ ಸದ್ದು ನಿಧಾನಕ್ಕೆ ಚಿಟಿಚಿಟಿಗೆ ತಿರುಗಿತು. ಆ ತಿರುವಿನಲ್ಲಿ ಮುಚ್ಚಳ ತೆಗೆಯಬೇಕು. ಅಂದಿನಿಂದ ಸದ್ದು ಹಿಡಿದೆ. ಹಿಟ್ಟಿನ ನೀರನ್ನು ನೀರುದೋಸೆಯ ಹದಕ್ಕಿಂತ ನಾಲ್ಕು ಪಟ್ಟು ತೆಳ್ಳಗೆ ಮಾಡಿದೆ. ರೆಕ್ಕೆ ಬಂತು. ಶೆಫ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಮುರಿದು ಬಾಯಿಗೆ ಹಾಕಿಕೊಂಡು, ಮಾತಾಡದೆ ಹೋದರು. ಅದು ಹೊಗಳಿಕೆ.

ಅಷ್ಟಕ್ಕೇ ನಿಂತಿದ್ದರೆ ನಾನು ಈಗ ನೆಮ್ಮದಿಯಾಗಿರುತ್ತಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ ಮೈಸೂರು ಬೆಂಗಳೂರು ಕಡೆಯ ನಾಲ್ಕು ಕುಟುಂಬಗಳು ಊಟಕ್ಕೆ ಬಂದವು. ತಿನ್ನಲು ಏನೂ ಸಿಗದೆ ಅನ್ನ, ಸೌತೆಕಾಯಿ ಮುಂದಿಟ್ಟುಕೊಂಡು ನಗುತ್ತಾ ಕೂತಿದ್ದರು. ಕನ್ನಡ ಕೇಳಿ ನಾನು ಹೊರಗೆ ಹೋದೆ. ಅವರಲ್ಲೊಬ್ಬರು ಇಂಡಿಯನ್ ಸ್ಕೂಲಿನಲ್ಲಿ ಗಣಿತದ ಟೀಚರ್. ಮೂವತ್ತೈದರ ಆಸುಪಾಸು, ಮಾತಿನಲ್ಲಿ ಚುರುಕು.

"ನೀವು ಎಲ್ಲಿಯವರು?"

"ಕುಂದಾಪುರದ ಹತ್ತಿರ, ಟೀಚರ್."

"ಅಯ್ಯೋ, ಹಂಗಾದ್ರೆ ನಮ್ಮ ಭಟ್ರು! ಭಟ್ರೇ, ಆ ಕಡೆ ಟೇಬಲ್ಲಲ್ಲಿ ಕರ್ಜಿಕಾಯಿ ಥರ ಏನೋ ತಿಂತಿದಾರಲ್ಲ, ನೋಡ್ತಾ ನೋಡ್ತಾ ಹೊಟ್ಟೆ ಉರಿದುಹೋಯ್ತು. ಅದನ್ನ ನಮಗೆ ತರಕಾರಿ ಹಾಕಿ ಮಾಡಿಕೊಡೋಕಾಗಲ್ವಾ? ಈರುಳ್ಳಿ ಬೆಳ್ಳುಳ್ಳಿ ನಡೆಯತ್ತೆ, ಅಷ್ಟೇನೂ ಮಡಿ ಇಲ್ಲ. ಮೀನು, ಮಾಂಸ, ಮೊಟ್ಟೆ ಮಾತ್ರ ಬೇಡ."

ಉಡುಪಿ ಕುಂದಾಪುರ ಕಡೆಯ ಅಡುಗೆಯವರನ್ನು ಊರಿನಲ್ಲಿ ಎಲ್ಲರೂ ಭಟ್ರೇ ಎಂದೇ ಕರೆಯುವುದು. ನಾನು ಭಟ್ಟನಲ್ಲ. ಮೀನು ತಿಂದು ಬೆಳೆದವನು. ತಿದ್ದಬಹುದಿತ್ತು, ತಿದ್ದಲಿಲ್ಲ. ಅವರ ದನಿಯಲ್ಲಿದ್ದ ಭರವಸೆ ನನಗೆ ಇಷ್ಟವಾಯಿತು.

ಶೆಫ್ ಒಪ್ಪಲಿಲ್ಲ. ಮಾಂಸವಿಲ್ಲದ ಗ್ಯೋಜಾ ಗ್ಯೋಜಾವೇ ಅಲ್ಲ ಎಂದರು. ನಾನು ಬಿಡದೆ ಹಿಂದೆ ಬಿದ್ದೆ. ಕೊನೆಗೆ, "ನೀನು ಮಾಡು, ನಾನು ತಿಂದು ನೋಡಿ ಹೇಳುತ್ತೇನೆ" ಎಂದರು. ಒಣ ಅಣಬೆ ನೆನೆಸಿ ಹಾಕಿದೆ. ತೋಫು ಎಂಬ ಸೋಯಾ ಪನೀರಿನ ಮೇಲೆ ಭಾರ ಹೇರಿ ನೀರು ಇಳಿಸಿದೆ. ಆದರೂ ಹೂರಣ ಸೋರಿ ಬಿಲ್ಲೆ ಕಾವಲಿಗೆ ಅಂಟಿತು. ಕೋಸನ್ನು ಇನ್ನೂ ಬಿಗಿಯಾಗಿ ಹಿಂಡಿ ಸೋರಿಕೆ ನಿಲ್ಲಿಸಿದೆ. ಅಣಬೆಯನ್ನು ಹುರಿದೆ. ತೋಫುವನ್ನು ಕೆಂಪಗೆ ಮಾಡಿದೆ. ಪ್ರತಿ ಸಲವೂ ಶೆಫ್ ಒಂದು ಕಚ್ಚಿ ಉಳಿದದ್ದನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದರು. "ಎಂಪ್ಟಿ."

ಐದನೆಯ ಸಲ ಎಂಪ್ಟಿ ಅನ್ನಿಸಿಕೊಂಡ ದಿನ ರೂಮಿಗೆ ಬಂದು ಊಟಕ್ಕೆ ಕುಳಿತೆ. ನನ್ನ ಜೊತೆ ರೂಮಿನಲ್ಲಿದ್ದವನು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಅದೇ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಇಬ್ಬರಿಗೂ ಗಂಜಿಯೇ ಊಟ. ಗಂಜಿಯ ಜೊತೆಗೆ ಒಣ ಸಿಗಡಿಯ ಪುಡಿ. ಅಲ್ ಮೀನಾ ಬಂದರಿನ ಮೀನು ಮಾರುಕಟ್ಟೆಯ ಪಕ್ಕದ ಅಂಗಡಿಯಲ್ಲಿ ಸಣ್ಣ ಒಣ ಸಿಗಡಿ ಸಿಗುತ್ತಿತ್ತು. ಅದನ್ನು ಹುರಿದು ಪುಡಿಮಾಡಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಆ ದಿನ ಒಂದು ಚಿಟಿಕೆ ನಾಲಿಗೆಗೆ ತಾಗಿದಾಗ, ಹೂರಣದಲ್ಲಿ ಇಲ್ಲದ್ದು ಏನೆಂದು ಗೊತ್ತಾಯಿತು.

ಮರುದಿನ ಒಂದು ಕಿಲೋ ಹೂರಣಕ್ಕೆ ಅರ್ಧ ಚಮಚ ಹಾಕಿದೆ. ಸಾರಿಗೆ ಇಂಗು ಹಾಕುವಷ್ಟು ಸಲೀಸಾಗಿ ಹಾಕಿದೆ. ನಮ್ಮ ಕರಾವಳಿಯವರ ತಲೆಯಲ್ಲಿ ಮೀನು ಬೇರೆ, ಮೀನಿನ ಪುಡಿ ಬೇರೆ. ಪುಡಿ ಮಸಾಲೆಯ ಸಾಲಿಗೆ ಸೇರಿದ್ದು. ಆಗ ಹಾಗೆಂದುಕೊಂಡೆ. ಅದು ನಿಜವಾಗಿದ್ದರೆ ಡಬ್ಬಿಯನ್ನು ಅಂಗಿಯ ಒಳಗಿಟ್ಟು ಅಡುಗೆಮನೆಗೆ ಯಾಕೆ ಒಯ್ದೆ?

ಶೆಫ್ ಒಂದನ್ನು ಪೂರ್ತಿ ತಿಂದರು. ಎರಡನೆಯದನ್ನೂ ತಿಂದರು. "ಏನು ಹಾಕಿದೆ?"

"ಅಣಬೆಯನ್ನು ಒಣಗಿಸಿ ಪುಡಿ ಮಾಡಿದೆ."

ಅವರು ನನ್ನ ಮುಖ ನೋಡಿದರು. ಆಮೇಲೆ ಮೆನುವಿಗೆ ಸೇರಿಸಲು ಹೇಳಿದರು.

ಶುಕ್ರವಾರಗಳು ತುಂಬಿದವು. ನಾಲ್ಕು ಕುಟುಂಬ ಹತ್ತಾಯಿತು. ಒಂದು ವಾರ ಊರಿಂದ ಬಂದಿದ್ದ ಟೀಚರ್ ಅತ್ತೆಯೂ ಬಂದು ತಿಂದರು. ದುಬೈನ ಅಲ್ ನಹ್ದಾದಲ್ಲಿದ್ದ ಅವರ ನೆಂಟರು ಎರಡು ಗಂಟೆ ಗಾಡಿ ಓಡಿಸಿಕೊಂಡು ಬರತೊಡಗಿದರು. ಟೀಚರ್ ಬಂದವರಿಗೆಲ್ಲ ನನ್ನನ್ನು ಪರಿಚಯಿಸುವರು. "ನಮ್ಮ ಭಟ್ರು ಇರೋದ್ರಿಂದ ಧೈರ್ಯವಾಗಿ ತಿನ್ನಬಹುದು. ಬೇರೆ ಕಡೆ ಹೋದ್ರೆ ಸೂಪಲ್ಲಿ ಏನಿದೆಯೋ ಅಂತ ಕಣ್ಣಲ್ಲೇ ಹುಡುಕ್ಬೇಕು." ಅವರ ಯಜಮಾನರಿಗೆ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ, ಸಾಧು ಮನುಷ್ಯ. "ಮನೇಲಿ ನಾನು ಮಾಡಿದ ಉಪ್ಪಿಟ್ಟನ್ನ ಹೀಗೆ ಒಂದಿನಾನೂ ಹೊಗಳಿಲ್ಲ ಸ್ವಾಮಿ ಇವಳು" ಎನ್ನುವರು. ಟೀಚರ್ ಒಬ್ಬರೇ ಎರಡು ತಟ್ಟೆ ಖಾಲಿ ಮಾಡುತ್ತಿದ್ದರು. ರೆಕ್ಕೆಯನ್ನು ಮೊದಲು ಮುರಿದು ಬೇರೆಯಿಟ್ಟು, ಕೊನೆಗೆ ತಿನ್ನುತ್ತಿದ್ದರು.

ರೂಮಿನಲ್ಲಿ ಲಾಂಡ್ರಿಯವನಿಗೆ ಈ ಸುದ್ದಿ ಹೇಳಿ ಹೆಮ್ಮೆಪಟ್ಟೆ. ಅವನು ಹೊಟ್ಟೆ ಹಿಡಿದು ನಕ್ಕ. "ಓಹೋ, ಭಟ್ರು! ಜನಿವಾರ ಎಲ್ಲುಂಟು ಮಾರಾಯ, ಲಾಂಡ್ರಿಗೆ ಕೊಟ್ಟಿದ್ದೀಯಾ?" ಆಮೇಲೆ ನಗು ನಿಲ್ಲಿಸಿದ. "ಆದ್ರೂ ಅದು ಸರಿಯಲ್ಲ ಆಯ್ತಾ. ಅವ್ರು ತಿನ್ನದವ್ರು."

"ಅರ್ಧ ಚಮಚ ಮಾರಾಯ."

"ಅರ್ಧ ಚಮಚ ನಿಂಗೆ."

ನಾಲ್ಕನೆಯ ಅಥವಾ ಐದನೆಯ ಶುಕ್ರವಾರ ಇರಬೇಕು, ಟೀಚರ್ ತುಟಿ ಉಜ್ಜಿಕೊಳ್ಳುತ್ತಾ ಹೇಳಿದರು. "ಭಟ್ರೇ, ನಿಮ್ಮ ಗ್ಯೋಜಾ ತಿಂದಾಗೆಲ್ಲ ತುಟಿ ತುರಿಸತ್ತೆ, ಗಂಟಲೊಳಗೂ ಕೆರೆತ. ಆದ್ರೂ ಬಿಡೋಕಾಗಲ್ಲ ನೋಡಿ. ಖಾರದ ಎಣ್ಣೆ ಜಾಸ್ತಿ ಹಾಕ್ಕೊಂಡೆ ಅಂತ ಕಾಣತ್ತೆ."

ನಾನೂ ನಕ್ಕೆ. ಒಳಗೆ ಹೋಗಿ ಕೈ ತೊಳೆದೆ. ಮತ್ತೆ ತೊಳೆದೆ. ಮುಂದಿನ ವಾರವೂ ಅವರು ಅದನ್ನೇ ಹೇಳಿದರು. ಈ ಸಲ ಕುತ್ತಿಗೆಯ ಮೇಲೆ ಕೆಂಪು ಗಂಧೆಗಳೂ ಎದ್ದಿದ್ದವು. ರೂಮಿಗೆ ಹೋಗಿ ಯಾರದೋ ಕಥೆ ಎಂಬಂತೆ ಹೇಳಿದೆ. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದ.

"ನನ್ನ ತಂಗಿಗೆ ಏಡಿ, ಸಿಗಡಿ ಆಗುದಿಲ್ಲ. ತಿಂದ್ರೆ ಮೈಯೆಲ್ಲ ಗಂಧೆ ಏಳ್ತದೆ, ಮುಖ ಬೀಗ್ತದೆ. ನಿನ್ನ ಪುಡಿಯೇ ಅದು. ಸಂಶಯ ಇದ್ರೆ ಒಂದು ವಾರ ಬಿಟ್ಟು ನೋಡು."

ಬಿಟ್ಟು ನೋಡಿದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಆ ಶುಕ್ರವಾರದ ಹೂರಣಕ್ಕೆ ಪುಡಿ ಹಾಕಲಿಲ್ಲ. ಟೀಚರ್ ತುಟಿ ಉಜ್ಜಲಿಲ್ಲ, ಕುತ್ತಿಗೆ ತುರಿಸಿಕೊಳ್ಳಲಿಲ್ಲ. ಆದರೆ ಎರಡನೆಯ ತಟ್ಟೆಯನ್ನು ಅರ್ಧಕ್ಕೇ ಬಿಟ್ಟರು. ಬೇರೆ ಮೇಜುಗಳಿಂದಲೂ ತಟ್ಟೆಗಳು ಉಳಿದದ್ದರ ಸಮೇತ ವಾಪಸ್ಸು ಬಂದವು. ಶೆಫ್ ಒಂದನ್ನು ಎತ್ತಿ ಕಚ್ಚಿ ನನ್ನ ಕಡೆ ನೋಡಿದರು. "ಎಂಪ್ಟಿ. ಯಾಕೆ?"

ಆ ವಾರವೆಲ್ಲ ನಾನು ಒಂದೆಡೆ ಕೂರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಬಂದರಿನವರೆಗೆ ನಡೆದು ಹೋಗುವುದು, ತಿರುಗಿ ಬರುವುದು. ಅಣಬೆ ಹೆಚ್ಚು ಮಾಡಿದೆ, ಕಡಲಪಾಚಿ ಹಾಕಿದೆ, ಹುರಿದ ಎಳ್ಳು ಹಾಕಿದೆ. ಯಾವುದೂ ಅದಾಗಲಿಲ್ಲ. ಆಗಲೂ ದಾರಿಯಿತ್ತು. ತರಕಾರಿ ಗ್ಯೋಜಾ ನನ್ನಿಂದಾಗದು ಎಂದು ಶೆಫ್ ಬಳಿ ಒಪ್ಪಿಕೊಂಡಿದ್ದರೆ ಸಾಕಿತ್ತು. ನಾನು ಮಾಡಿದ್ದು ಬೇರೆ. ಮುಂದಿನ ಶುಕ್ರವಾರ ಕಾಲು ಚಮಚ ಹಾಕಿದೆ. ಸ್ವಲ್ಪವಾದರೆ ಏನೂ ಆಗದು ಎಂದುಕೊಂಡೆ. ಟೀಚರಿಗೆ ಬರೀ ತುಟಿ ತುರಿಸಿತು, ಅಷ್ಟೇ. ಅದರ ಮುಂದಿನ ವಾರ ಮತ್ತೆ ಅರ್ಧ ಚಮಚ.

ಆ ಶುಕ್ರವಾರ ಟೀಚರ್ ಎರಡನೆಯ ತಟ್ಟೆಯಲ್ಲಿದ್ದಾಗ ಹೊರಗೆ ಕುರ್ಚಿ ಸರಿದ ಸದ್ದು ಕೇಳಿ ಕಿಂಡಿಯಲ್ಲಿ ನೋಡಿದೆ. ಅವರು ಎದ್ದು ನಿಂತು ಕುತ್ತಿಗೆಗೆ ಕೈ ಹಿಡಿದಿದ್ದರು. ಕಣ್ಣಿನ ರೆಪ್ಪೆಗಳು ಊದಿ ಮುಖದ ಗುರುತೇ ಸಿಗುತ್ತಿರಲಿಲ್ಲ. ಉಸಿರು ಎಳೆದುಕೊಳ್ಳುವ ಸದ್ದು ನನ್ನ ಕಾವಲಿಯವರೆಗೆ ಬಂತು.

ಹೋಟೆಲಿನ ಕಾರು ಬಾಗಿಲಿಗೆ ಬಂತು. ಶೆಫ್ ನನ್ನ ಬೆನ್ನಿಗೆ ತಳ್ಳಿದರು. "ಯಲ್ಲಾ, ಗೋ! ಯು ಸೇಮ್ ಲ್ಯಾಂಗ್ವೇಜ್." ಏಪ್ರನ್ ತೆಗೆಯದೆ ಮುಂದಿನ ಸೀಟಿನಲ್ಲಿ ಕೂತೆ. ಹಿಂದಿನ ಸೀಟಿನಲ್ಲಿ ಯಜಮಾನರು "ಉಸಿರಾಡು, ಉಸಿರಾಡು ಕಣೇ" ಎನ್ನುತ್ತಿದ್ದರು. ನಾನು ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮುಖಕ್ಕೆ ಆಕ್ಸಿಜನ್ ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ಉಸಿರು ಹದಕ್ಕೆ ಬಂತು. ಆಮೇಲೆ ಡಾಕ್ಟರ್ ಒಂದು ಕಾಗದ ಹಿಡಿದುಕೊಂಡು ಯಜಮಾನರ ಬಳಿ ಬಂದರು. ಅರಬ್ ಮನುಷ್ಯ, ಸಮಾಧಾನದ ಇಂಗ್ಲಿಷ್. ಕಾಗದದಲ್ಲಿ ಸಾಲಾಗಿ ಆಹಾರಗಳ ಹೆಸರು.

"ಮೀನು? ಸಿಗಡಿ? ಏಡಿ?"

"ನೋ, ನೋ ಡಾಕ್ಟರ್. ಪ್ಯೂರ್ ವೆಜಿಟೇರಿಯನ್. ಮೊಟ್ಟೆ ಕೂಡ ಇಲ್ಲ. ಹುಟ್ಟಿದಾಗಿನಿಂದ."

ಡಾಕ್ಟರ್ ಆ ಸಾಲಿನ ಮೇಲೆ ಗೆರೆ ಎಳೆದರು. ಆ ಗೆರೆ ಎಳೆದದ್ದು ನನ್ನ ಕಣ್ಣೆದುರೇ. ಯಜಮಾನರು ನನ್ನನ್ನು ತೋರಿಸಿದರು. "ಅಡುಗೆ ಮಾಡಿದವರೇ ಇಲ್ಲಿದ್ದಾರೆ. ನಮ್ಮೋರು. ಅವರನ್ನೇ ಕೇಳಿ."

ನಾನು ಹೇಳಿದೆ: ಕೋಸು, ಅಣಬೆ, ತೋಫು, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎಳ್ಳೆಣ್ಣೆ, ಸೋಯಾ ಸಾಸ್, ಮೈದಾದ ಬಿಲ್ಲೆ.

"ಎನಿಥಿಂಗ್ ಎಲ್ಸ್?"

"ನೋ ಸರ್."

ಕಾರಣ ಹುಡುಕಲೇಬೇಕು ಎಂದರು ಡಾಕ್ಟರ್. ಅದೇ ವಸ್ತು ಮತ್ತೆ ಹೊಟ್ಟೆಗೆ ಹೋದರೆ ಉಸಿರು ಇನ್ನೂ ಬೇಗ ಕಟ್ಟಬಹುದು, ಆಸ್ಪತ್ರೆಗೆ ತರುವಷ್ಟು ಸಮಯ ಸಿಗದಿರಬಹುದು. ಒಂದು ತಿಂಗಳು ಬಿಟ್ಟು ಚರ್ಮದ ಮೇಲೆ ಪರೀಕ್ಷೆ ಮಾಡೋಣ. ಅಲ್ಲಿಯವರೆಗೆ ಇದಿಷ್ಟನ್ನೂ ತಿನ್ನಬಾರದು.

ಆ ತಿಂಗಳು ಟೀಚರ್ ಅನ್ನ ಮೊಸರಿನಲ್ಲಿ ಕಳೆದರು ಎಂದು ಯಜಮಾನರು ಫೋನಿನಲ್ಲಿ ಹೇಳಿದರು. ಸ್ಕೂಲಿನಲ್ಲಿ ಯಾರದೋ ಹುಟ್ಟುಹಬ್ಬದ ಚಾಕಲೇಟನ್ನೂ ಮುಟ್ಟುವುದಿಲ್ಲವಂತೆ. ನೀರು ಕುಡಿಯುವಾಗ ಲೋಟದೊಳಗೆ ನೋಡುತ್ತಾರಂತೆ. "ಸೊರಗಿ ಹೋಗಿದಾಳೆ, ಭಟ್ರೇ. ನೀವೇನೂ ಮನಸ್ಸಿಗೆ ಹಚ್ಕೋಬೇಡಿ. ನಿಮ್ಮದೇನು ತಪ್ಪು?"

ಪರೀಕ್ಷೆಯ ಹಿಂದಿನ ದಿನ ಗ್ಯೋಜಾದೊಳಗಿನ ಒಂದೊಂದು ವಸ್ತುವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಹೆಸರು ಬರೆದು ಕೊಡಬೇಕೆಂದು ಡಾಕ್ಟರು ಹೇಳಿಕಳಿಸಿದರು. ಚಟ್ನಿ ಕೊಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳನ್ನು ರೂಮಿಗೆ ತಂದು ಒಂದೊಂದನ್ನೂ ಬಿಸಿನೀರಿನಲ್ಲಿ ತೊಳೆದು ಒರೆಸಿದೆ. ತುಂಬಿಸಿದೆ. ಹೆಸರಿನ ಚೀಟಿ ಅಂಟಿಸಿದೆ. ಮಂಚದ ಮೇಲೆ ಸಾಲಾಗಿಟ್ಟೆ. ಲಾಂಡ್ರಿಯವನು ಬಾಗಿಲಲ್ಲಿ ನಿಂತು ಬೆರಳು ಮಾಡಿ ಎಣಿಸಿದ.

"ಏಳಾ?"

ನಾನು ಏಳನೆಯ ಡಬ್ಬಿಯ ಚೀಟಿಯನ್ನು ಇನ್ನೊಮ್ಮೆ ಒತ್ತಿದೆ.

"ಎಂಟಲ್ವಾ ಮಾರಾಯ?"

"ಇನ್ನು ಹಾಕುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಹಾಕದಿದ್ದರೆ ಅವರಿಗೆ ಏನೂ ಆಗುವುದಿಲ್ಲ. ಹೇಳಿ ಎಂತ ಆಗ್ತದೆ? ವೀಸಾ ಖಲಾಸ್, ನಾನು ಊರಿಗೆ."

"ನಿನ್ನ ಕೈಯಲ್ಲಿ ಆಗುದಿಲ್ಲ. ಇನ್ನೊಬ್ಬನ ಕೈಯಲ್ಲಿ?" ಎಂದ. "ನಿನ್ನ ಹಾಗೆ ಅರ್ಧ ಚಮಚ ಹಾಕುವವ್ರು ಈ ಊರಲ್ಲಿ ನೀನೊಬ್ಬನೇಯಾ? ಅವ್ರಿಗೆ ಗೊತ್ತಿರ್ಬೇಕಲ್ಲ, ಯಾವುದನ್ನ ಕೇಳ್ಬೇಕು ಅಂತ." ಅವನು ತನ್ನ ಹಾಸಿಗೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ನಾನು ಏಳು ಡಬ್ಬಿಗಳನ್ನೇ ಕಳಿಸಿದೆ.

ನಾಲ್ಕು ದಿನದ ನಂತರ ಯಜಮಾನರ ಫೋನ್. ದನಿಯಲ್ಲಿ ಹಬ್ಬ. "ಏಳಕ್ಕೆ ಏಳೂ ನೆಗೆಟಿವ್! ಏನೂ ಇಲ್ವಂತೆ! ಯಾವುದೋ ಹುಳ ಗಿಳ ಕಚ್ಚಿರಬಹುದು, ಹೇಳೋಕಾಗಲ್ಲ ಅಂದ್ರು. ಈ ಶುಕ್ರವಾರ ಕರ್ಕೊಂಡು ಬರ್ತೀನಿ. ಅವಳ ಭಯ ನಿಮ್ಮ ಕೈಯಿಂದಲೇ ಹೋಗ್ಬೇಕು."

ಇಬ್ಬರೇ ಬಂದರು. ಟೀಚರ್ ತೋಳು ಸಣಕಲಾಗಿತ್ತು, ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಪುಡಿ ಹಾಕದ ಗ್ಯೋಜಾವನ್ನು ನಾನೇ ಒಯ್ದು ಇಟ್ಟೆ. ಅಷ್ಟು ಚೆಂದದ ರೆಕ್ಕೆ ನನ್ನ ಕೈಯಲ್ಲಿ ಮೊದಲು ಬಂದಿರಲಿಲ್ಲ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ತಿನ್ಲಾ, ಭಟ್ರೇ?"

"ತಿನ್ನಿ ಟೀಚರ್. ಏನೂ ಆಗುವುದಿಲ್ಲ."

ಒಂದು ತುಣುಕು ಬಾಯಿಗಿಟ್ಟು, ಕಣ್ಣು ಮುಚ್ಚಿ ಕಾದರು. ಯಜಮಾನರು ಗಡಿಯಾರ ನೋಡುತ್ತಿದ್ದರು. ಹತ್ತು ನಿಮಿಷವಾಯಿತು. ಏನೂ ಆಗಲಿಲ್ಲ. ಟೀಚರ್ ಒಂದು ಪೂರ್ತಿ ತಿಂದರು. ನನ್ನ ಎದೆಯಿಂದ ಕಲ್ಲು ಇಳಿದಂತಾಯಿತು. ಆಗ ಅವರು ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟರು.

"ಇದು ಅದಲ್ಲ."

"ಅದೇ ಕಣೇ," ಎಂದರು ಯಜಮಾನರು.

"ನನ್ನ ನಾಲಿಗೆ ನನಗೆ ಗೊತ್ತಿಲ್ವಾ? ಅದರಲ್ಲಿ ಇನ್ನೇನೋ ಇತ್ತು. ತಿಂದಾದ ಮೇಲೂ ನಾಲಿಗೆ ಹಿಂದುಗಡೆ ನಿಲ್ಲೋದು. ಒಂದು ತಿಂಗಳು ಮೊಸರನ್ನ ತಿಂತಾ ಅದನ್ನೇ ನೆನೆಸಿಕೊಂಡಿದೀನಿ, ಭಟ್ರೇ." ನಕ್ಕರು. ಆಸ್ಪತ್ರೆಯ ನಂತರ ನಾನು ನೋಡಿದ ಮೊದಲ ನಗು. "ನನಗೆ ಪಥ್ಯದ ಅಡುಗೆ ಬೇಡ. ಟೆಸ್ಟೆಲ್ಲ ಆಗಿದೆಯಲ್ಲ, ಇನ್ನೇನು ಭಯ? ಮೊದಲಿನ ಥರಾನೇ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಅದರಲ್ಲಿ ಏನು ಹಾಕ್ತಿದ್ರಿ ಅಂತ ಹೇಳಿ, ಮನೇಲಿ ಮಾಡ್ಕೋತೀನಿ."

ಒಳಗೆ ಹೋದೆ. ಕಾವಲಿ ಬಿಸಿಯಿತ್ತು. ಮುಂದಿನ ಆರ್ಡರಿನ ನೀರು ಮುಚ್ಚಳದ ಕೆಳಗೆ ಬುಳಬುಳ ಎನ್ನುತ್ತಿತ್ತು. ನಾನು ಅದರ ಮುಂದೆ ನಿಂತೆ. ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಎಂದದ್ದೇ ಕಿವಿಯಲ್ಲಿ ತಿರುಗುತ್ತಿತ್ತು. ಸದ್ದು ಚಿಟಿಚಿಟಿಗೆ ತಿರುಗಿದ್ದು ನನಗೆ ಕೇಳಿಸಲೇ ಇಲ್ಲ. ಸುಟ್ಟ ವಾಸನೆ ಬಂದಾಗ ಶೆಫ್ ಓಡಿ ಬಂದರು. ನಾನು ಒಲೆ ಆರಿಸಿ, ಕಪಾಟಿನ ಹಿಂದಿನಿಂದ ಡಬ್ಬಿ ತೆಗೆದು, ಅವರೆದುರೇ ಹೊರಗೆ ನಡೆದೆ.

ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಟೀಚರ್ ಮೂಗಿನ ಹತ್ತಿರ ತಂದರು. ಅವರಿಗೆ ಆ ವಾಸನೆಯ ಹೆಸರು ಗೊತ್ತಿರಲಿಲ್ಲ.

"ಏನಿದು?"

"ಮುಟ್ಟಬೇಡಿ ಟೀಚರ್. ಸಿಗಡಿ. ಒಣ ಸಿಗಡಿ ಪುಡಿ."

ಯಜಮಾನರು ಎದ್ದು ನಿಂತರು. ಅಷ್ಟು ಸಾಧು ಮನುಷ್ಯನ ಕೈ ನನ್ನ ಅಂಗಿಯ ಕೊರಳಪಟ್ಟಿಗೆ ಬಂದಿತ್ತು. "ಭಟ್ರು ಅಂತ ನಂಬಿದ್ವಲ್ರೀ!"

"ನಾನು ಭಟ್ಟನಲ್ಲ ಸಾರ್."

"ಬಿಡಿ ಅವರನ್ನ," ಎಂದರು ಟೀಚರ್. ಬಾಯಿ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ತುಟಿ ಬೆಳ್ಳಗಾಗುವಷ್ಟು ಒರೆಸಿಕೊಂಡು, ಬಹಳ ಸಣ್ಣ ದನಿಯಲ್ಲಿ ಕೇಳಿದರು. "ನಮ್ಮತ್ತೆ ಬಂದಿದ್ರಲ್ಲ ಊರಿಂದ, ಆ ವಾರಾನೂ?"

"ಹೌದು."

ಅವರು ತಟ್ಟೆಯನ್ನು ದೂರ ತಳ್ಳಿದರು. ಆಮೇಲೆ ಪುಡಿಯಲ್ಲಿ ಸ್ವಲ್ಪ ಬೇರೆ ಡಬ್ಬಿಗೆ ಹಾಕಿ, ಮುಚ್ಚಿ, ಮೇಲೆ ಹೆಸರು ಬರೆದು ಯಜಮಾನರ ಕೈಗೆ ಕೊಡಲು ಹೇಳಿದರು. ಬರೆದೆ.

ಶೆಫ್ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದ್ದರು. ಅಡುಗೆಮನೆಯಲ್ಲಿ ಅವರಿಗೆ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಇಷ್ಟು: "ನಾನು ಕೇಳಿದೆ. ನೀನು ಅಣಬೆ ಅಂದೆ." ಒಂದು ಗ್ಯೋಜಾವನ್ನು ಎತ್ತಿ ಅದರ ನೆರಿಗೆಯನ್ನು ತೋರಿಸಿದರು. "ಕ್ಲೋಸ್ಡ್. ತಿನ್ನುವವರಿಗೆ ಒಳಗೆ ಕಾಣುವುದಿಲ್ಲ." ಆಮೇಲೆ ನನ್ನ ಕಾವಲಿಯನ್ನು ತಾವೇ ತೊಳೆದು, ಬೇರೆ ಮೊಳೆಗೆ ತೂಗುಹಾಕಿದರು. ಮ್ಯಾನೇಜರ್ ನನ್ನನ್ನು ಪಾತ್ರೆ ತೊಳೆಯುವ ಕಡೆಗೆ ಹಾಕಿದ. ಕಾಂಟ್ರ್ಯಾಕ್ಟ್ ಮುಗಿಯಲು ಎರಡು ತಿಂಗಳಿತ್ತು. ಅದನ್ನು ಮುಂದುವರಿಸುವುದಿಲ್ಲ ಎಂದ. ಅದಕ್ಕಿಂತ ಕಡಿಮೆ ಶಿಕ್ಷೆ ಇರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯ ಫೋನಿಗೆ ನನ್ನನ್ನು ಕರೆದರು. ಆ ಕಡೆ ಯಜಮಾನರು.

"ಪಾಸಿಟಿವ್ ಬಂತು. ತೋಳು ಬೋಂಡದ ಹಾಗೆ ಊದ್ತು. ಇನ್ಮೇಲೆ ಎಲ್ಲಿ ಹೋದ್ರೂ ಸಿಗಡಿ ಇದೆಯಾ ಅಂತ ಕೇಳಿಯೇ ತಿನ್ಬೇಕಂತೆ. ಕನ್ನಡದವರಾದ್ರೆ ಎರಡು ಸಲ ಕೇಳು ಅಂತ ನಾನು ಸೇರಿಸಿದೆ." ಅವರು ನಗಲಿಲ್ಲ. "ಇರಿ, ಅವಳು ಮಾತಾಡ್ಬೇಕಂತೆ."

ಟೀಚರ್ ಭಟ್ರೇ ಎನ್ನಲಿಲ್ಲ. ಬೇರೆ ಯಾವ ಹೆಸರಿನಿಂದಲೂ ಕರೆಯಲಿಲ್ಲ.

"ಒಂದೇ ಒಂದು ಕೇಳ್ಬೇಕಿತ್ತು. ಮಧ್ಯದಲ್ಲಿ ಒಂದು ಶುಕ್ರವಾರ ನನಗೆ ತುರಿಕೆ ಇರಲಿಲ್ಲ. ಅವತ್ತು ರುಚಿನೂ ಇರಲಿಲ್ಲ, ಅರ್ಧ ತಟ್ಟೆ ಬಿಟ್ಟು ಎದ್ದಿದ್ದೆ. ಅವತ್ತು ಹಾಕಿರಲಿಲ್ಲ ಅಲ್ವಾ?"

"ಇಲ್ಲ ಟೀಚರ್."

"ನಾನು ಎರಡನೇ ಸಲ ತುರಿಸತ್ತೆ ಅಂತ ಹೇಳಿದ ಮುಂದಿನ ವಾರ ಅದು."

"ಹೌದು."

"ಆ ವಾರ ಯಾಕೆ ಹಾಕಲಿಲ್ಲ?"

ಸಿಂಕಿನಲ್ಲಿ ನೀರು ಬೀಳುತ್ತಿತ್ತು. ನಲ್ಲಿ ನಿಲ್ಲಿಸಲು ಹೋಗುವಂತೆ ಫೋನಿನ ತಂತಿಯನ್ನು ಎಳೆದೆ. ತಂತಿ ಅಲ್ಲಿಯವರೆಗೆ ಬರಲಿಲ್ಲ.

"ಪುಡಿ ಮುಗಿದಿತ್ತು, ಟೀಚರ್."

ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು.

"ಸದ್ಯ," ಎಂದರು. "ನಾಲ್ಕು ದಿನದಿಂದ ಅದೇ ಕೊರೀತಿತ್ತು ನನಗೆ. ಗೊತ್ತಿದ್ದೂ ಗೊತ್ತಿದ್ದೂ ಹಾಕಿದ್ರೇನೋ ಅಂತ. ತಿಳೀದೆ ಮಾಡಿದ್ದು, ಹೋಗ್ಲಿ ಬಿಡಿ." ಫೋನ್ ಇಟ್ಟರು.

ಪುಡಿ ಮುಗಿದಿರಲಿಲ್ಲ. ಡಬ್ಬಿಯಲ್ಲಿ ಮುಕ್ಕಾಲು ಪಾಲು ಇತ್ತು.